ಸರಾಸರಿಯ ಬಿಸಿಲು

ಬ್ರಿಟನ್ನಿನಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತ ಯಾರು ಸಲಹೆ ಕೇಳಿದರೂ ನಾನು ಮೊದಲು ಹೇಳೋದು ಒಂದು ಪುಸ್ತಕದ ಹೆಸರು: ‘ಸಸ್ಟೈನಬಲ್ ಎನರ್ಜಿ – ವಿದೌಟ್ ದ ಹಾಟ್ ಏರ್’. ಕೇಂಬ್ರಿಜ್‌ನ ಭೌತವಿಜ್ಞಾನಿ ಡೇವಿಡ್ ಮೆಕಾಯ್ ಬರೆದದ್ದು, 2008ರ ಕೊನೆಗೆ ಬಂತು. ಇಡೀ ಪುಸ್ತಕವನ್ನು ಅವರೇ ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಇಟ್ಟರು. ಮರುವರ್ಷ ಬ್ರಿಟಿಷ್ ಸರ್ಕಾರದ ಇಂಧನ ಇಲಾಖೆಗೆ ಮುಖ್ಯ ವೈಜ್ಞಾನಿಕ ಸಲಹೆಗಾರರಾದರು. 2016ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಪುಸ್ತಕ ಇವತ್ತಿಗೂ ಓದಿಸಿಕೊಳ್ಳುತ್ತೆ. ಆದರೆ ಸೋಲಾರ್ ಬಗೆಗಿನ ಅದರ ಆರನೇ ಅಧ್ಯಾಯದ ಮೇಲೆ ನನ್ನದೊಂದು ತಕರಾರಿದೆ. ವಿಚಿತ್ರ ಅಂದರೆ, ಆ ತಕರಾರು ಹುಟ್ಟೋದು ಪುಸ್ತಕದ ದೊಡ್ಡ ಗುಣದಿಂದಲೇ.

ಆ ಗುಣ ಯಾವುದು? ಎಲ್ಲವನ್ನೂ ಒಂದೇ ಸೇರಿನಲ್ಲಿ ಅಳೆಯೋದು. ಕಾರು ಓಡಿಸೋದು, ಬಿಸಿನೀರಿನ ಸ್ನಾನ, ವಿಮಾನ ಪ್ರಯಾಣ, ಗಾಳಿಯಂತ್ರ – ಎಲ್ಲವೂ ಮೆಕಾಯ್ ಕೈಯಲ್ಲಿ ‘ಒಬ್ಬರಿಗೆ, ದಿನಕ್ಕೆ, ಇಷ್ಟು ಯೂನಿಟ್’ ಆಗಿಬಿಡುತ್ತವೆ. ಒಂದು ಕಡೆ ಖರ್ಚಿನ ಕೆಂಪು ಕಂಬ, ಇನ್ನೊಂದು ಕಡೆ ಉತ್ಪಾದನೆಯ ಹಸಿರು ಕಂಬ. ಶೆಟ್ಟರ ಅಂಗಡಿಯ ಜಮಾ-ಖರ್ಚಿನ ಪುಸ್ತಕದಷ್ಟೇ ಸರಳ. ಸೋಲಾರಿನ ಲೆಕ್ಕವೂ ಹಾಗೇ: ದಕ್ಷಿಣಕ್ಕೆ ಮುಖ ಮಾಡಿದ ಚಾವಣಿಯ ಮೇಲೆ ಚದರ ಮೀಟರಿಗೆ ವರ್ಷದ ಸರಾಸರಿ 110 ವ್ಯಾಟ್ ಬೆಳಕು, ತಲೆಗೆ 10 ಚದರ ಮೀಟರ್ ಪ್ಯಾನೆಲ್, ಶೇ. 20ರ ದಕ್ಷತೆ. ಕೈಗೆ ಬರೋದು ದಿನಕ್ಕೆ ಸುಮಾರು 5 ಯೂನಿಟ್. ‘ಅಷ್ಟಿದೆ, ಇಷ್ಟಿದೆ’ ಅನ್ನುವ ಮಾತುಗಳ ನಡುವೆ ಇಂಥ ಅಂಕಿ ಸಿಕ್ಕರೆ ಬಾಯಾರಿದವನಿಗೆ ನೀರು ಸಿಕ್ಕ ಹಾಗೆ.

ಈ ಲೆಕ್ಕದಿಂದ ಒಂದು ತಪ್ಪುಕಲ್ಪನೆಯೂ ಸಾಯುತ್ತೆ. ಊರಿನಿಂದ ಫೋನ್ ಮಾಡಿದವರೆಲ್ಲ ಕೇಳ್ತಾರೆ, ‘ಆ ಚಳಿ ದೇಶದಲ್ಲಿ ಸೋಲಾರ್ ಎಲ್ಲಿಂದ ನಡೆಯುತ್ತೆ?’ ಅಂತ. ತಪ್ಪು ಅವರದ್ದಲ್ಲ, ನಮ್ಮ ಮಾತಿನದ್ದು. ‘ಬಿಸಿಲು’ ಅಂದ ಕೂಡಲೇ ಬಿಸಿಯೂ ಬೆಳಕೂ ಒಟ್ಟಿಗೆ ಬಂದುಬಿಡುತ್ತವೆ. ಬೆಂಗಳೂರಿನ ತಾರಸಿಗಳ ಮೇಲಿರುವ ನೀರು ಕಾಯಿಸುವ ಸೋಲಾರಿಗೆ ಬೇಕಾದ್ದು ಬಿಸಿ. ವಿದ್ಯುತ್ ಮಾಡುವ ಪ್ಯಾನೆಲಿಗೆ ಬೇಕಾದ್ದು ಬೆಳಕು ಮಾತ್ರ. ಕಾವು ಏರಿದರೆ ಅದಕ್ಕೆ ನಷ್ಟವೇ, 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಹಾಗಾಗಿ ಇಲ್ಲಿನ ತಣ್ಣನೆಯ ಮೇ ತಿಂಗಳು ಪ್ಯಾನೆಲಿಗೆ ಹಬ್ಬ.

ಇನ್ನು ತಕರಾರಿಗೆ ಬರ್ತೀನಿ. ಅದೇ ಅಧ್ಯಾಯದಲ್ಲಿ ಲಂಡನ್ ಮತ್ತು ಎಡಿನ್‌ಬರೋಗಳಲ್ಲಿ ಬೆಳಕು ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿಯುತ್ತೆ ಅನ್ನುವ ಚಿತ್ರವಿದೆ. ಬೆಟ್ಟದಂಥ ಗೆರೆ: ಜೂನಿನಲ್ಲಿ ಶಿಖರ, ಡಿಸೆಂಬರಿನಲ್ಲಿ ನೆಲ. ಮೆಕಾಯ್ ಅದನ್ನು ತೋರಿಸ್ತಾರೆ, ಸರಾಸರಿ ತೆಗೀತಾರೆ, ಮುಂದೆ ಹೋಗ್ತಾರೆ. ಹಸಿರು ಕಂಬಕ್ಕೆ ಸೇರೋದು ಸರಾಸರಿ ಮಾತ್ರ, ಬೆಟ್ಟ ಹಿಂದೆ ಉಳಿಯುತ್ತೆ. ಮುಂದೆ 26ನೇ ಅಧ್ಯಾಯದಲ್ಲಿ ಏರಿಳಿತ, ಶೇಖರಣೆಗಳ ಚರ್ಚೆ ಇದೆ, ನಿಜ. ಆದರೆ ಅದು ಇಡೀ ದೇಶದ ಗ್ರಿಡ್ಡಿನ ಮಾತು. ಒಂದು ಮನೆಯ ಯಜಮಾನಿ ಎರಡನ್ನೂ ತಾನೇ ಜೋಡಿಸಿಕೊಳ್ಳಬೇಕು.

ಜೋಡಿಸಿದರೆ ಏನು ಕಾಣುತ್ತೆ ನೋಡಿ. ಎಡಿನ್‌ಬರೋ ಇರೋದು ಹೆಚ್ಚುಕಡಿಮೆ 56 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ 21ರ ನಡುಹಗಲು ಸೂರ್ಯ ಅಲ್ಲಿ ದಿಗಂತದಿಂದ 11 ಡಿಗ್ರಿಯೂ ಏರೋಲ್ಲ, ಬೆಂಗಳೂರಿನಲ್ಲಿ ಅದೇ ಹೊತ್ತಿಗೆ 53 ಡಿಗ್ರಿಯ ಮೇಲಿರ್ತಾನೆ. ಅಷ್ಟು ಕೆಳಗಿನ ಸೂರ್ಯನಿಗೆ ಒಂದು ಮೀಟರ್ ಎತ್ತರದ ಹೊಗೆಗೂಡಿನ ನೆರಳು ಸಮತಟ್ಟಿನಲ್ಲಿ ಐದು ಮೀಟರಿಗೂ ಉದ್ದ. ಹಗಲೇ ಏಳು ಗಂಟೆಯದ್ದು. 4 ಕಿಲೋವ್ಯಾಟಿನ ಪ್ಯಾನೆಲುಗಳು ಒಳ್ಳೇ ಮೇ ತಿಂಗಳಲ್ಲಿ ದಿನಕ್ಕೆ ಸರಾಸರಿ 14-15 ಯೂನಿಟ್ ಕೊಟ್ಟರೆ, ಡಿಸೆಂಬರಿನಲ್ಲಿ ಎರಡು-ಮೂರು ಯೂನಿಟ್ ಕೊಟ್ಟರೆ ಹೆಚ್ಚು. ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಿಕೊಂಡ ಮನೆಗೆ ಚಳಿಗಾಲದ ದಿನವೊಂದಕ್ಕೆ 20 ಯೂನಿಟ್ ದಾಟೋದು ಮಾಮೂಲು. ಬೇಕಾದಾಗ ಇಲ್ಲ, ಇದ್ದಾಗ ಬೇಕಿಲ್ಲ. ಸರಾಸರಿ ಮಾತ್ರ ಚೆನ್ನಾಗಿದೆ!

ಈಗ ಮಾರುವವರ ಕಡೆ ತಿರುಗೋಣ. ಮನೆಗೆ ಬರುವ ಕರಪತ್ರಗಳಲ್ಲಿ ದಪ್ಪಕ್ಷರದಲ್ಲಿರೋದು ವರ್ಷದ ಒಟ್ಟು ಉತ್ಪಾದನೆ. ಅದರ ಪಕ್ಕದಲ್ಲಿ ‘ನಿಮ್ಮ ವರ್ಷದ ಬಳಕೆಯ ಇಷ್ಟು ಪಾಲು’ ಅಂತ. ಒಂದು ಕಾಲಕ್ಕೆ ಈ ಲೆಕ್ಕ ಪ್ರಾಮಾಣಿಕವಾಗಿಯೇ ಇತ್ತು. 2010ರ ಏಪ್ರಿಲ್‌ನಲ್ಲಿ ಶುರುವಾದ ಫೀಡ್-ಇನ್ ಟ್ಯಾರಿಫ್ ಯೋಜನೆಯಲ್ಲಿ, ಹಳೇ ಮನೆಯ ಮೇಲಿನ ಸಣ್ಣ ಪ್ಯಾನೆಲ್ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೂ 41.3 ಪೆನ್ಸ್ ಸಿಗ್ತಿತ್ತು, ನೀವೇ ಬಳಸಿದರೂ ಸರಿ. ಜೂನಿನ ಯೂನಿಟ್ಟಿಗೂ ಡಿಸೆಂಬರಿನ ಯೂನಿಟ್ಟಿಗೂ ಒಂದೇ ಬೆಲೆ ಅಂದಮೇಲೆ ವರ್ಷದ ಮೊತ್ತವೇ ಸಾಕಲ್ಲ? ದರ ಆಮೇಲೆ ಇಳೀತಾ ಬಂತು. 2019ರ ಮಾರ್ಚ್ ಕೊನೆಗೆ ಯೋಜನೆಯ ಬಾಗಿಲು ಹೊಸಬರಿಗೆ ಮುಚ್ಚಿತು. 2020ರ ಜನವರಿಯಿಂದ ಹೊಸ ವ್ಯವಸ್ಥೆ: ಗ್ರಿಡ್ಡಿಗೆ ಬಿಟ್ಟ ವಿದ್ಯುತ್ತಿಗಷ್ಟೇ ದುಡ್ಡು, ದರ ಕಂಪನಿಗಳು ಹೇಳಿದ್ದು. ಅಂದರೆ ಯೂನಿಟ್ ಯಾವಾಗ ಹುಟ್ಟಿತು, ಮನೆಯಲ್ಲೇ ಖರ್ಚಾಯಿತೋ ಹೊರಗೆ ಹೋಯಿತೋ, ಅದೇ ಈಗ ಮುಖ್ಯ. ಯೋಜನೆ ಸತ್ತಿತು, ಅದರ ಲೆಕ್ಕ ಕರಪತ್ರದಲ್ಲಿ ಬದುಕಿದೆ.

‘ಬ್ಯಾಟರಿ ಇದೆಯಲ್ಲ’ ಅಂತಾರೆ. ಇದೆ. ಮಧ್ಯಾಹ್ನದ್ದನ್ನು ರಾತ್ರಿಗೆ ದಾಟಿಸಲು ಒಳ್ಳೇದು. ಆದರೆ ಬೇಸಿಗೆಯಲ್ಲಿ ಹಾಕಿದ ಹಪ್ಪಳ ಸಂಡಿಗೆಯನ್ನು ಡಬ್ಬಿ ತುಂಬಿಟ್ಟು ಮಳೆಗಾಲದಲ್ಲಿ ಕರಿದು ತಿಂದ ಹಾಗೆ ಜೂನಿನ ವಿದ್ಯುತ್ತನ್ನು ಡಿಸೆಂಬರಿಗೆ ಇಡೋಕಾಗೋಲ್ಲ. 10 ಯೂನಿಟ್ ಹಿಡಿಯುವ ಬ್ಯಾಟರಿ ಹೀಟ್ ಪಂಪಿನ ಮನೆಗೆ ಚಳಿಗಾಲದಲ್ಲಿ ಅರ್ಧ ದಿನದ ಬುತ್ತಿ.

ಇಷ್ಟಾಗಿಯೂ ಹಾಕಿಸಬೇಡಿ ಅಂತ ನಾನು ಹೇಳ್ತಿಲ್ಲ. ಇನ್ನೊಂದು ದಿಕ್ಕಿನಲ್ಲಿ ಕಾಲ ಮೆಕಾಯ್‌ರನ್ನೇ ದಾಟಿ ಹೋಗಿದೆ. 2008ರಲ್ಲಿ ಅವರು ಪ್ಯಾನೆಲ್ ವಿಪರೀತ ದುಬಾರಿ ಅಂತ ಬರೆದದ್ದು ಸರಿಯಾಗಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದರ ಬೆಲೆ ಪಾತಾಳಕ್ಕಿಳಿಯಿತು. ಮಾರ್ಚಿನಿಂದ ಅಕ್ಟೋಬರಿನವರೆಗೆ ಹಗಲು ಮನೆಯಲ್ಲಿರುವವರಿಗೆ, ಕಾರನ್ನು ಹಗಲು ಚಾರ್ಜ್ ಮಾಡುವವರಿಗೆ, ಇದು ಒಳ್ಳೇ ಬೆಳೆ. ಬೆಳೆ ಅನ್ನುವ ಮಾತನ್ನು ಬೇಕೆಂದೇ ಬಳಸಿದೆ. ರೈತನ ಹತ್ತಿರ ‘ನಿನ್ನ ಹೊಲ ದಿನಕ್ಕೆ ಎಷ್ಟು ರಾಗಿ ಕೊಡುತ್ತೆ’ ಅಂತ ಯಾರೂ ಕೇಳೋದಿಲ್ಲ, ಯಾವ ತಿಂಗಳ ಕೊಯ್ಲು ಅಂತ ಕೇಳ್ತಾರೆ.

ಆದ್ದರಿಂದ ಪುಸ್ತಕ ಓದಿ, ಆದರೆ ಹಸಿರು ಕಂಬಕ್ಕಿಂತ ಆ ಬೆಟ್ಟದ ಚಿತ್ರದ ಮುಂದೆ ಹೆಚ್ಚು ಹೊತ್ತು ಕೂತ್ಕೊಳ್ಳಿ. ಮಾರಾಟದವರು ಬಂದಾಗ ವರ್ಷದ ಮೊತ್ತ ಬಿಟ್ಟು ಹನ್ನೆರಡು ತಿಂಗಳ ಪಟ್ಟಿ ಕೇಳಿ, ಅದರ ಪಕ್ಕ ನಿಮ್ಮ ಹನ್ನೆರಡು ಬಿಲ್ಲುಗಳನ್ನಿಡಿ. ನೆರಳಿನ ಲೆಕ್ಕ ಡಿಸೆಂಬರಿಗೂ ಮಾಡಿದ್ದಾರಾ ಅಂತ ವಿಚಾರಿಸಿ. ಪಟ್ಟಿ ಕೊಡದವರಿಗೆ ಕಾಫಿ ಕೊಟ್ಟು ಕಳಿಸಿ.