ಪಂಜರ ಮತ್ತು ಸಂರಕ್ಷಣೆ: ಬಾಲಿ ಮೈನಾ ಯೋಜನೆಯ ವಿಮರ್ಶೆ

ಅಳಿವಿನ ಅಂಚಿನಲ್ಲಿರುವ ಪಕ್ಷಿಗಳನ್ನು ಸೆರೆಯಲ್ಲಿರಿಸಿ, ಅವುಗಳ ಸಂತಾನವನ್ನು ವೃದ್ಧಿಗೊಳಿಸಿ ಮರಳಿ ಅರಣ್ಯಕ್ಕೆ ಬಿಡುವ ಕಾರ್ಯವು ಇಂದು ಜೀವದಯೆಯ ಒಂದು ರೂಪವೆಂದು ಮಾನ್ಯವಾಗಿದೆ. ಅದರ ಗುಣದೋಷಗಳನ್ನು ವಿಚಾರಿಸಲು ಇಂಡೋನೇಷ್ಯದ ಬಾಲಿ ಮೈನಾ ಉತ್ತಮ ನಿದರ್ಶನವಾಗಿದೆ.

ಹಿಮದಂತೆ ಬಿಳುಪಾದ, ಕಣ್ಣಿನ ಸುತ್ತ ನೀಲಿ ಚರ್ಮವುಳ್ಳ ಈ ಹಾಡುಹಕ್ಕಿಯ ಸಹಜ ನೆಲೆ ಬಾಲಿ ದ್ವೀಪವೊಂದೇ. 1912ರಲ್ಲಿ ವಿಜ್ಞಾನಿಗಳು ಇದನ್ನು ವರ್ಣಿಸಿ ಹೆಸರಿಟ್ಟರು. 2001ರ ವೇಳೆಗೆ ಕಾಡಿನಲ್ಲಿ ಸುಮಾರು 6 ಹಕ್ಕಿಗಳು ಮಾತ್ರ ಉಳಿದಿದ್ದವು. ಅರಣ್ಯನಾಶವೂ ಕಾರಣವೇ, ಆದರೆ ಅದಕ್ಕಿಂತ ಮಿಗಿಲಾದುದು ಹಕ್ಕಿಯ ಚೆಲುವನ್ನೂ ಕಂಠವನ್ನೂ ತನ್ನದಾಗಿಸಿಕೊಳ್ಳಬೇಕೆಂಬ ಮನುಷ್ಯನ ಆಸೆ. ಹಕ್ಕಿ ವಿರಳವಾದಂತೆ ಬೆಲೆ ಏರಿತು. ಬೆಲೆ ಏರಿದಂತೆ ಬಲೆ ಬೀಸುವವರೂ ಹೆಚ್ಚಿದರು.

ಯೋಜನೆಯ ಪರವಾದ ಮಾತನ್ನು ಮೊದಲು ಹೇಳುವುದು ನ್ಯಾಯ. ಮೃಗಾಲಯಗಳಲ್ಲಿಯೂ ಸಾಕಣೆಗಾರರ ಬಳಿಯೂ ಈ ಕುಲ ಉಳಿಯದಿದ್ದರೆ ಇಂದು ಕಾಡಿಗೆ ಬಿಡಲು ಹಕ್ಕಿಯೇ ಇರುತ್ತಿರಲಿಲ್ಲ. ಪರವಾನಗಿ ಪಡೆದ ಸಾಕಣೆಗಾರರು ಮರಿಗಳಲ್ಲಿ ಒಂದು ಪಾಲನ್ನು ಬಿಡುಗಡೆಗೆ ಒಪ್ಪಿಸಿ ಉಳಿದವನ್ನು ಮಾರುವ ಏರ್ಪಾಡೂ ಅಲ್ಲಿ ನಡೆದಿದೆ. ಸಾಕಿದ ಹಕ್ಕಿ ಅಗ್ಗವಾದರೆ ಕಳ್ಳಬೇಟೆ ತಗ್ಗುವುದೆಂಬುದು ಇದರ ಹಿಂದಿನ ತರ್ಕ.

ಈ ತರ್ಕ ಅರ್ಧಸತ್ಯ. ಬೆಲೆ ಇಳಿದರೆ ಗಿರಾಕಿಗಳು ಹೆಚ್ಚುವರೆಂಬುದು ವ್ಯಾಪಾರ ಬಲ್ಲವರಿಗೆಲ್ಲ ತಿಳಿದ ವಿಷಯ. ಕಾಡಿನಿಂದ ಕದ್ದ ಮರಿಯನ್ನು ಸಾಕಿದ್ದೆಂದು ಮಾರುವುದೂ ಕಷ್ಟವಲ್ಲ. 1999ರಲ್ಲಿ ಶಸ್ತ್ರಧಾರಿಗಳು ಪಶ್ಚಿಮ ಬಾಲಿ ರಾಷ್ಟ್ರೀಯ ಉದ್ಯಾನದ ಸಂತಾನಾಭಿವೃದ್ಧಿ ಕೇಂದ್ರಕ್ಕೇ ನುಗ್ಗಿ, ಬಿಡುಗಡೆಗೆ ಕಾದಿದ್ದ 39 ಹಕ್ಕಿಗಳಲ್ಲಿ ಬಹುಪಾಲನ್ನು ಅಪಹರಿಸಿದರು. ಸಂಖ್ಯೆ ಬೆಳೆದಿತ್ತು, ಲೋಭ ಕುಗ್ಗಿರಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆಯೂ ಅಲ್ಲಿಯೇ ಇದೆ. ಬಾಲಿಯ ಆಗ್ನೇಯಕ್ಕಿರುವ ನೂಸಾ ಪೆನಿಡಾ ದ್ವೀಪದ ಗ್ರಾಮಗಳು ತಮ್ಮ ಸಾಂಪ್ರದಾಯಿಕ ಕಟ್ಟಳೆಗಳಲ್ಲಿಯೇ ಹಕ್ಕಿ ಹಿಡಿಯುವುದನ್ನು ನಿಷೇಧಿಸಿದವು. 2006ರಿಂದ ಅಲ್ಲಿ ಬಿಡಲಾದ ಮೈನಾಗಳು ಗೂಡು ಕಟ್ಟಿ ಮರಿ ಮಾಡಿದವು. ಕಾವಲುಗಾರನಿಗಿಂತ ಊರಿನ ಸಂಕಲ್ಪ ಬಲವಾದುದೆಂಬುದಕ್ಕೆ ಇದು ಸಾಕ್ಷಿ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವನ್ನೇ ಮೊದಲು ಎಣಿಸಲಾಗಿದೆ. ಆದರೂ ಬಿಡುಗಡೆಯನ್ನೇ ಗುರಿಯಾಗಿಸಿಕೊಂಡ ಅಲ್ಪಕಾಲದ ಬಂಧನವನ್ನೂ ಒಡೆತನದ ಸುಖಕ್ಕಾಗಿ ಜೀವನಪೂರ್ತಿ ಇಡುವ ಬಂಧನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಮೊದಲನೆಯದು ಆಪದ್ಧರ್ಮ, ಎರಡನೆಯದು ಪರಿಗ್ರಹ. ಸಂರಕ್ಷಣೆಯ ಹೆಸರಿನಲ್ಲಿ ಎರಡನೆಯದು ಮೊದಲನೆಯದರ ವೇಷ ಧರಿಸದಂತೆ ನೋಡಿಕೊಳ್ಳುವುದೇ ಇಂತಹ ಯೋಜನೆಗಳ ನಿಜವಾದ ಪರೀಕ್ಷೆ. ಆದುದರಿಂದ ಹುಟ್ಟಿದ ಮರಿಗಳ ಲೆಕ್ಕದೊಡನೆ, ಕಾಡಿನಲ್ಲಿ ಬದುಕುಳಿದವುಗಳ ಲೆಕ್ಕವನ್ನೂ ಪಂಜರವನ್ನು ತ್ಯಜಿಸಿದ ಮನೆಗಳ ಲೆಕ್ಕವನ್ನೂ ಇಡಬೇಕು.