ಗುಡ್ಡದ ಮೇಲಿನ ಮಂಜಿಲ್

ಹಟ್ಟಿಕೇರಿ ಕಡೆಯ ನಮಗೆ ಕಲ್ಲಿನ ಮನೆಯೆಂದರೆ ಚಿರೆಕಲ್ಲಿನ ಮನೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಮಳೆಗೆ ಅಂಜಿ ಮಾಡನ್ನು ಇಳಿಜಾರು ಮಾಡುತ್ತೇವೆ, ಸೂರನ್ನು ಚಾಚುತ್ತೇವೆ. ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಸುತ್ತಲೂ ಬಂಡೆಗುಡ್ಡಗಳು, ಅಂಜಬೇಕಾದದ್ದು ಬಿಸಿಲಿಗೆ. ಅಂಥದೊಂದು ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ.

ನಿಜಾಮರ ಸೇವೆಯಲ್ಲಿದ್ದು 1841ರಲ್ಲಿ ಸುರಪುರಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಇದು. ಇಂಗ್ಲಿಷ್ ಬಂಗಲೆ ಎಂದು ಎಲ್ಲರೂ ಹೊಗಳುತ್ತಾರೆ. ನಮ್ಮ ತಕರಾರು ಆ ಮಾತಿನ ಮೇಲೆಯೇ. ಬಂಗಲೆ ಎಂಬುದು ಬಂಗಾಳದ ಗುಡಿಸಲಿನಿಂದ ಹುಟ್ಟಿದ ಪದ. ಮಂಜಿಲ್ ಅರಬಿಯಿಂದ ಉರ್ದುವಿಗೆ ಬಂದದ್ದು. ಪ್ರಯಾಣಿಕ ಇಳಿದು ದಣಿವಾರಿಸಿಕೊಳ್ಳುವ ತಾಣ ಎಂಬುದು ಅದರ ಮೂಲಾರ್ಥ. ಹಾಗಾದರೆ ಇದರಲ್ಲಿ ಇಂಗ್ಲಿಷರದ್ದು ಯಾವುದು? ಮನೆ ಕುಳಿತ ಜಾಗ, ಅಷ್ಟೆ. ನಮ್ಮೂರ ಮನೆಗಳು ಬಾವಿಯನ್ನೋ ನೆರೆಯನ್ನೋ ನೆಚ್ಚಿಕೊಂಡು ನಿಲ್ಲುತ್ತವೆ. ಇದು ಊರನ್ನು ಕೆಳಗೆ ಬಿಟ್ಟು ನೋಡುವ ಮನೆ. ಎತ್ತರದಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ, ನಿಜ. ಆದರೆ ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವನಿಗೆ ಆ ಎತ್ತರ ಬರೀ ಗಾಳಿಗಾಗಿ ಬೇಕಿತ್ತೆಂದು ನಾವು ನಂಬಲಾರೆವು.

ಹಾಗೆಂದು ಟೇಲರನನ್ನು ಒಂದೇ ಮಾತಿಗೆ ಆಚೆ ತಳ್ಳಲು ಮನಸ್ಸು ಬಾರದು. ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳನ್ನು ನೋಡಿ ಲೋಕಕ್ಕೆ ತಿಳಿಸಿದವನು ಅವನು. ಬಿಜಾಪುರದ ವಾಸ್ತುಶಿಲ್ಪದ ಬಗೆಗಿನ 1866ರ ದೊಡ್ಡ ಗ್ರಂಥಕ್ಕೆ ಇತಿಹಾಸದ ಭಾಗ ಬರೆದವನೂ ಅವನೇ. ಬಾಲಕ ರಾಜ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ರಾಜ ಪ್ರಾಯಕ್ಕೆ ಬಂದ ಮೇಲೆ, 1853ರಲ್ಲಿ, ಟೇಲರ್ ಸುರಪುರ ಬಿಟ್ಟ. 1858ರಲ್ಲಿ ಅದೇ ವೆಂಕಟಪ್ಪ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಆ ವರ್ಷವೇ ತೀರಿಕೊಂಡ. ಮನೆ ಮಾತ್ರ ಉಳಿದು ಮುಂದೆ ಸರ್ಕಾರಿ ಬಂಗಲೆಯಾಯಿತು. ಬಂದವರು ಇಳಿದುಕೊಂಡು ಹೋಗುವ ಜಾಗವಾಗಿ, ಮಂಜಿಲ್ ಎಂಬ ಹೆಸರಿಗೆ ಆಗಲೇ ಸರಿಹೊಂದಿತೆನ್ನಬೇಕು!

ಇಂಥ ಹಳೆಯ ಗಾರೆಗೋಡೆಗಳಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲನ್ನು ತಿನ್ನುತ್ತದೆ. ದುರಸ್ತಿಗೆ ಕೈಹಾಕುವವರು ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳನ್ನೇ ಹುಡುಕಲಿ. ಬಾಗಿಲಲ್ಲಿ ಫಲಕ ಹಾಕುವುದಿದ್ದರೆ ಟೇಲರನ ಹೆಸರಿನ ಪಕ್ಕದಲ್ಲಿ ವೆಂಕಟಪ್ಪನ ಹೆಸರೂ ಇರಲಿ, ಆ ಕಲ್ಲು ಸೀಳಿ ಹೊತ್ತ ಕಲ್ಲುಕುಟಿಗರಿಗೆ ಒಂದು ಸಾಲೂ ಇರಲಿ.