ತಟ್ಟೆಗಿಳಿದ ಕೊರಳು

ಹಾಡುವವನಿಗೆ ಕೇಳುವವನು ಎದುರಿಗಿರಬೇಕೆಂಬುದು ನಮ್ಮ ಹಳೆಯ ಕಟ್ಟಳೆ. ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಗೆ ಕುಳಿತರೆ ರಾತ್ರಿ ಕಳೆದು ಬೆಳಗಾಗುತ್ತದೆ. ಮುಂದಾಳಿನ ಸೊಲ್ಲು ತಡವರಿಸಿದರೆ ಹಿಮ್ಮೇಳದವನು ಎತ್ತಿಕೊಳ್ಳುತ್ತಾನೆ. ಜನ ತೂಕಡಿಸಿದರೆ ಕಥೆ ಮಗ್ಗುಲು ಹೊರಳಿ ನಗೆಯೊಂದನ್ನು ತರುತ್ತದೆ. ಇಂದು ಸೊರಗಿದ ಹಾಡು ನಾಳೆ ಇನ್ನೊಂದು ಊರಿನಲ್ಲಿ ಚಿಗುರೀತು. ಧ್ವನಿಮುದ್ರಣದಲ್ಲಿ ಈ 'ನಾಳೆ' ಎಂಬುದಿಲ್ಲ. ಅಲ್ಲಿ ಹಾಡು ನಿಂತಿತೆಂದರೆ ನಿಂತೇ ಹೋಯಿತು. ಇಷ್ಟಕ್ಕೆ ನಿಲ್ಲಲಿ ಎಂದು ಹೇಳುವ ಹೊಣೆ, ಬೆನ್ನಿಗೆ ಯಾವ ಕಂಪೆನಿಯೂ ಇಲ್ಲದ ಕಲಾವಿದನಲ್ಲಿ, ಹಾಡುವವನ ತಲೆಯ ಮೇಲೆಯೇ ಬೀಳುತ್ತದೆ. ಈ ಹೊರೆ ಎಂಥದು, ಅದು ಹಾಡಿಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಕೇಳಿಲ್ಲ.

ಈ ಒಂಟಿತನ ತಟ್ಟೆಯಷ್ಟೇ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನು ಕಂಪೆನಿಗಾಗಿ ಹಾಡಿದ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗುತ್ತಿದ್ದುದು ಇಂದಿಗೂ ಆ ಮುದ್ರಿಕೆಗಳಲ್ಲಿ ಕೇಳುತ್ತದೆ. ಎದುರಿಗೆ ಸಭೆಯಿದ್ದಲ್ಲಿ ಹಾಡುಗಾತಿ ತನ್ನ ಹೆಸರನ್ನು ತಾನೇ ಕೂಗಬೇಕಾಗಿಲ್ಲ. ಎದುರಿಗೆ ತುತ್ತೂರಿಯೊಂದೇ ಇದ್ದಲ್ಲಿ ಕೂಗಬೇಕಾಗುತ್ತದೆ. ದೇಶವೆಲ್ಲ ಹೆಸರಾದ ಆ ಕೊರಳು 1928ರಲ್ಲಿ ಮೈಸೂರಿಗೆ ಬಂದು ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಇಲ್ಲಿಯೇ ಅಡಗಿತು. ಆದರೂ ಆಕೆಗೆ ಒಂದು ಕಂಪೆನಿಯಿತ್ತು, ಕಡೆಗೊಂದು ಅರಮನೆಯಿತ್ತು. ಅನಂತರದ ಗಾಯಕರಿಗೆ ಆಕಾಶವಾಣಿ ಬಂತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದ್ದು ವಾಚಕರಿಗೆ ತಿಳಿದದ್ದೇ. ಆಮೇಲೆ ಸಿನಿಮಾ ಬಂತು, ಕ್ಯಾಸೆಟ್ಟು ಬಂತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದ ಮೇಲೆ ಭಾವಗೀತೆಗೂ ಒಂದು ಮಾರುಕಟ್ಟೆ ಕುದುರಿತು.

ಈ ಯಾವ ಸೂರಿನ ಕೆಳಗೂ ಸೇರದೆ ಹಾಡಹೊರಟವನ ಪಾಡೇನು? ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು. ಸೂಕ್ಷ್ಮಜೀವಶಾಸ್ತ್ರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್, ಕೆಲಕಾಲ ಬೆಲ್ಜಿಯಂನಲ್ಲಿ ಕೆಲಸ. ಇಷ್ಟೆಲ್ಲ ಕೈಯಲ್ಲಿದ್ದೂ ಅವರು ಗಿಟಾರು ಹಿಡಿದು 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ತಂಡ ಒಡೆಯಿತು. ಧ್ವನಿಮುದ್ರಿಕೆಯ ಕಂಪೆನಿಗಳು ವರ್ಷಗಳ ಕಾಲ ಬಾಗಿಲು ತೆರೆಯಲಿಲ್ಲ. ಸಿನಿಮಾದ್ದಲ್ಲದ, ಒಂದೇ ಭಾಷೆಯದೂ ಅಲ್ಲದ ಈ ಹಾಡುಗಳನ್ನು ಯಾವ ಕಪಾಟಿನಲ್ಲಿಡುವುದೆಂದು ವ್ಯಾಪಾರಿಗೆ ತೋಚದಿದ್ದುದು ಆಶ್ಚರ್ಯವೇನಲ್ಲ. ಕಡೆಗೆ 2008ರಲ್ಲಿ, ಚಿತ್ರಸಂಗೀತದವರೇ ಆದ ವಿಶಾಲ್ ಮತ್ತು ಶೇಖರ್ ತಮ್ಮ ಸ್ವಂತ ಸಂಸ್ಥೆಯ ಮೂಲಕ ಆ ಮೊದಲ ಮುದ್ರಿಕೆಯನ್ನು ಹೊರತಂದರು. ಎರಡನೆಯದಾದ 'ಜಗ್ ಚಂಗಾ'ವನ್ನು 2013ರಲ್ಲಿ ದೀಕ್ಷಿತರು ತಾವೇ ಹೊರತಂದರು.

ಮೊದಲ ಮುದ್ರಿಕೆಯನ್ನು ಇಂದು ಮತ್ತೆ ಕೇಳಿದರೆ ಆ ಕಾಯುವಿಕೆ ಅದರ ಮೈಯಲ್ಲೆಲ್ಲ ಕಾಣುತ್ತದೆ. ಮುಂಬಯಿಯಲ್ಲಿ ಪವಾಡವೊಂದಕ್ಕಾಗಿ ಕಾದು ಕುಳಿತವನ ಹಾಡೇ ಅದರಲ್ಲಿದೆ. ಹಿಂದಿ, ಕನ್ನಡ, ಇಂಗ್ಲಿಷುಗಳು ಒಂದೇ ಹಾಸಿಗೆಯಲ್ಲಿ ಮಲಗಿವೆ. ಇದನ್ನು ವೈವಿಧ್ಯವೆಂದು ಹೊಗಳುವುದು ಸುಲಭ. ನನಗೆ ತೋರುವ ಮಟ್ಟಿಗೆ, ಇದು ಯಾವ ಬಾಗಿಲು ತೆರೆದೀತೆಂದು ತಿಳಿಯದೆ ಎಲ್ಲ ಬಾಗಿಲುಗಳನ್ನೂ ತಟ್ಟಿದವನ ಕೃತಿ. ಹಿಂದಿಯ ಪ್ರೇಮಗೀತೆಗಳಲ್ಲಿ ಕೊರಳಿಗಿರುವ ಕಸುವು ಮಾತಿಗಿಲ್ಲ. ಕೊರಳು ಮಾತನ್ನು ಹೊತ್ತು ನಡೆಯಬೇಕಾಗಿದೆ.

ಶಿಶುನಾಳ ಷರೀಫರ ಎರಡು ಪದಗಳಿಗೆ ಬಂದಾಗ ಈ ಆಯಾಸ ಇಲ್ಲವಾಗುತ್ತದೆ. ಸಿ. ಅಶ್ವಥ್ ಅವರ ಕಂಠದಲ್ಲಿ ಇವು ಕನ್ನಡಿಗರ ಕಿವಿಯಲ್ಲಿ ನೆಲೆಯೂರಿದ್ದಂಥವು. ಅಶ್ವಥ್ ಕೂಗಿ ಕರೆಯುವಂತೆ ಹಾಡಿದರು. ದೀಕ್ಷಿತರು ಗಿಟಾರಿನ ಬೀಸಿನ ಮೇಲೆ ಕುಣಿಯುವಂತೆ ಹಾಡುತ್ತಾರೆ. ಗುಡುಗುಡಿಯ ಪದದಲ್ಲಿ ಕುಣಿತ ಮೇಲಾಗಿ ಒಳಗಿನ ಅರ್ಥ ಒಂದಿಷ್ಟು ಹಿಂದೆ ಸರಿದಿದೆಯೆಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಸೋರುವ ಮಾಳಿಗೆಯ ಪದದಲ್ಲಿ ಹಾಗಾಗಿಲ್ಲ. ಅಜ್ಞಾನದಿಂದ ಹಾಳಾದ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ಸಂತ ದೇಹಕ್ಕೆ, ಮನಸ್ಸಿಗೆ ಹೋಲಿಸಿದ. ಸೂರಿಲ್ಲದೆ ವರ್ಷಗಟ್ಟಲೆ ಅಲೆದ ಹಾಡುಗಾರ ಅದನ್ನು ಹಾಡುವಾಗ ಪದದ ನೇರ ಅರ್ಥವೂ ಜೀವ ತಳೆಯುತ್ತದೆ. ಇಡೀ ಮುದ್ರಿಕೆಯಲ್ಲಿ ಯಾರನ್ನೂ ಮೆಚ್ಚಿಸುವ ಆತುರವಿಲ್ಲದ ಹಾಡು ಇದೇ.

ಹಾಗಾದರೆ ಕಷ್ಟವೇ ಹಾಡನ್ನು ಬೆಳೆಸಿತೆನ್ನೋಣವೆ? ಕಲಾವಿದ ನೊಂದಷ್ಟೂ ಕಲೆ ಬೆಳಗುತ್ತದೆಂಬ ಮಾತು ನಮ್ಮಲ್ಲಿ ಬಹು ಪ್ರಿಯವಾದದ್ದು. ಏಕೆಂದರೆ ಅದು ಕೇಳುವವರನ್ನು ಎಲ್ಲ ಋಣದಿಂದಲೂ ಬಿಡಿಸುತ್ತದೆ. ಸ್ಟುಡಿಯೋದ ಒಳಗಿನ ಕೆಲಸವನ್ನು ಸ್ವಲ್ಪ ನೋಡಿದರೆ ಈ ಮಾತಿನ ಪೊಳ್ಳುತನ ತಿಳಿಯುತ್ತದೆ. ಬಾಡಿಗೆ ಗಂಟೆಯ ಲೆಕ್ಕದ್ದು. ವಾದ್ಯಗಳನ್ನು ಬೇರೆಬೇರೆಯಾಗಿ ಮುದ್ರಿಸುವುದು ರೂಢಿ. ಹಾಡುವವನು ಗಾಜಿನಾಚೆ ಒಬ್ಬನೇ ನಿಂತು, ಕಿವಿಯೊಳಗಿನ ತಾಳದ ಟಿಕ್‌ಟಿಕ್‌ಗೆ ಹೊಂದಿಸಿಕೊಂಡು, ಒಂದೇ ಸಾಲನ್ನು ಹತ್ತು ಸಲ ಹಾಡುತ್ತಾನೆ. ಹನ್ನೊಂದನೆಯ ಸಲ ಶ್ರುತಿ ಸರಿಯಾಗಿರುತ್ತದೆ, ಭಾವ ಆರಿಹೋಗಿರುತ್ತದೆ. ಮೂರನೆಯದೇ ಚೆನ್ನಾಗಿತ್ತೆ? ಹೇಳುವವರಿಲ್ಲ. ಇನ್ನೊಂದು ಗಂಟೆ ಹಾಡೋಣವೆಂದರೆ ತಬಲದವರ ಸಂಭಾವನೆ ಬಾಕಿ. ತನ್ನ ಧ್ವನಿಯನ್ನು ತಾನೇ ನೂರು ಸಲ ಕೇಳಿದವನಿಗೆ ಅದು ಪರರ ಧ್ವನಿಯಾಗುತ್ತದೆ, ಆಮೇಲೆ ಹಗೆಯ ಧ್ವನಿಯಾಗುತ್ತದೆ. ಇದರಿಂದ ಹಾಡು ಪಕ್ವವಾಗುವುದಿಲ್ಲ. ಬಹಳ ಸಲ ಬೆದರುತ್ತದೆ. ಬೆದರಿದ ಹಾಡು ಒಂದೋ ವಾದ್ಯಗಳ ಹಿಂದೆ ಅಡಗುತ್ತದೆ, ಇಲ್ಲವೆ ಎಲ್ಲರನ್ನೂ ಒಲಿಸಲು ಹವಣಿಸುತ್ತದೆ. ದೀಕ್ಷಿತರ ಮೊದಲ ಮುದ್ರಿಕೆಯ ದುರ್ಬಲ ಭಾಗಗಳು ಆ ಎರಡನೆಯ ಬಗೆಯವು.

ಆದ್ದರಿಂದ ಕಲಾವಿದ ಪಟ್ಟ ಪಾಡನ್ನು ಕೃತಿಯ ಗುಣವೆಂದು ಎಣಿಸಕೂಡದು. ಹಾಗೆಂದು ಅದನ್ನು ಲೆಕ್ಕದಿಂದ ಬಿಟ್ಟರೂ ಅನ್ಯಾಯವೇ. ಪಾಡು ಕೃತಿಯಲ್ಲಿ ಗುರುತುಗಳನ್ನು ಉಳಿಸುತ್ತದೆ. ಯಾವ ಗುರುತು ಗಾಯದ್ದು, ಯಾವುದು ಹದಗೊಂಡ ಬಲದ್ದು ಎಂದು ಬೇರ್ಪಡಿಸಿ ತೋರಿಸುವುದು ವಿಮರ್ಶಕನ ಕೆಲಸ.

ಈ ಮಾತು ಇಂದು ಇನ್ನೂ ಅಗತ್ಯ. ಈಗ ಕಂಪ್ಯೂಟರಿನ ಮುಂದೆ ಕುಳಿತು ಮನೆಯ ಕೋಣೆಯಲ್ಲೇ ಹಾಡನ್ನು ಮುದ್ರಿಸಬಹುದು. ಪಿರಿಯಾಪಟ್ಟಣ, ಕೃಷ್ಣರಾಜನಗರಗಳಂಥ ಊರಿನ ತರುಣನಿಗೂ ಇದು ಎಟುಕದ್ದಲ್ಲ. ಖರ್ಚು ಇಳಿಯಿತು, ಒಂಟಿತನ ಇಳಿಯಲಿಲ್ಲ. ಹಿಂದೆ ಗಾಜಿನಾಚೆ ಒಬ್ಬ ಇಂಜಿನಿಯರಾದರೂ ಇರುತ್ತಿದ್ದ. ಈಗ ಅವನೂ ಇಲ್ಲ. ಹಾಡು ಜಗತ್ತಿಗೆಲ್ಲ ತೆರೆದಿರುತ್ತದೆ, ಬರುವ ಹಣ ಪೈಸೆಗಳಲ್ಲಿ, ಬರುವ ಉತ್ತರ ಒಂದು ಸಂಖ್ಯೆಯ ರೂಪದಲ್ಲಿ. ನಾನೂರು ಜನ ಕೇಳಿದರೆಂಬುದು ತಿಳಿಯುತ್ತದೆ. ಒಬ್ಬನಾದರೂ ತಲೆದೂಗಿದನೆ ಎಂಬುದು ತಿಳಿಯುವುದಿಲ್ಲ.

ನೀಲಗಾರನ ಹಿಮ್ಮೇಳ ಸೋತ ಸೊಲ್ಲನ್ನು ಎತ್ತಿಕೊಳ್ಳುತ್ತದೆಂದು ಮೊದಲೇ ಹೇಳಿದೆ. ತಟ್ಟೆಗಿಳಿದ ಕೊರಳಿಗೆ ಆ ಹಿಮ್ಮೇಳ ಯಾರು? ಹೊಸ ಕವನಸಂಕಲನ ಬಂದರೆ ನಮ್ಮ ಕಾಲೇಜುಗಳ ಕನ್ನಡ ಸಂಘಗಳು ಸಭೆ ಸೇರಿ ಗುಣದೋಷ ಚರ್ಚಿಸುತ್ತವೆ, ಪತ್ರಿಕೆಗಳು ವಿಮರ್ಶೆ ಬರೆಸುತ್ತವೆ. ಹೊಸ ಹಾಡುಗಳ ಸಂಕಲನಕ್ಕೆ ಅಷ್ಟು ಮರ್ಯಾದೆಯೂ ಇಲ್ಲ. ಹಣ ಕೊಡುವುದು ನಮ್ಮ ಕೈಲಾಗದಿರಬಹುದು. ಒಂದು ಸಂಜೆ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿ, ಈ ಹಾಡು ನಿಂತಿತು, ಈ ಹಾಡು ನಿಲ್ಲಲಿಲ್ಲ ಎಂದು ಕಾರಣಸಮೇತ ಹೇಳುವುದು ಕೈಲಾಗದ ಕೆಲಸವಲ್ಲ. ಹೊಗಳಿಕೆಗಿಂತಲೂ ಅದನ್ನೇ ಹಾಡುವವನು ಕಾಯುತ್ತಿರುತ್ತಾನೆ.